ಹಚ್ಚಿದ್ದು ಕಾಣಬಾರದು

ಜನವರಿ ಬಂತಂದ್ರ ಜೋರಾಪುರ ಪೇಟಿಯೊಳಗ
ಹಗ್ಗದ ಮ್ಯಾಲಿನ ಅರಿವಿಗಿಂತ ಮೊದಲ
ಮುಖ ಒಣಗತದ.
ನನ್ನ ಕಡೆ ಬರೋ ಮದುಮಕ್ಕಳ ಮೂಗಿನ ಬಾಜೂಕ
ಹಳೇ ಗ್ವಾಡಿ ಸುಣ್ಣದಂಗ ಹಕ್ಕಳಿ ಎದ್ದಿರತದ.
ಮೊದಲ ನೀರು, ಆಮ್ಯಾಲೆ ಜಿಡ್ಡು, ಕಡೀಕ ಬಣ್ಣ.
ನನ್ನ ವಿದ್ಯಾ ಇಷ್ಟ.

ಶನಿವಾರ ಸಂಜೀಕ ಕಸ್ತೂರಿ ಚಿಗವ್ವ ಬಂದಳು,
ಸೆರಗಿನಾಗ ನಾಕು ಗಜ್ಜರಿ, ಎರಡು ಬೀಟ್ರೂಟು.
"ನಾಳಿ ಕನ್ಯಾಶಾಲಿ ಗೆಳತ್ಯಾರು ಬರತಾರ,
ಎಂಬತ್ತೊಂಬತ್ತರ ಮ್ಯಾಟ್ರಿಕ್ ನಾವು.
ಬರ್ಗರ್ ಮಾಡೂಣು."
ರೊಟ್ಟಿ-ಪಲ್ಯ ಯಾಕ ಬ್ಯಾಡ, ಅಂದೆ.
"ರೊಟ್ಟಿ ಬಡದು ಬಡದು ಸಾಕಾಗಿ ಬರೋರಿಗೆ
ರೊಟ್ಟೀನ ತಿನಿಸಲೇನು?"
ಒಂದು ಗಳಿಗಿ ಸುಮ್ಮನ ಕುಂತಳು.
ಬೀಟ್ರೂಟಿನ ಮಣ್ಣು ಉಗುರಿಲೆ ಕೆರಕೋತ ಅಂದಳು:
"ಮತ್ತ... ಮುಖಕ್ಕ ಏನರ ಹಚ್ಚತೀ?
ಹಚ್ಚಿದ್ದು ಕಾಣಬಾರದು ನೋಡು.
ಆದ್ರ ಹಚ್ಚಿರಬೇಕು."

ಕಾಕಾ ಹೋಗಿ ಆರು ವರ್ಷ.
ಆವತ್ತಿನಿಂದ ಅಕಿ ಗಲ್ಲ ಮುಟ್ಟಿದ್ದು
ನೀರು, ಮತ್ತ ಸಾಲಿ ಬಿಸಿಯೂಟದ ಒಲಿ.
ನೂರಾ ಎಂಬತ್ತು ಹುಡುಗರ ಸಾರಿನ ಹಬಿ.
ಓಣಿ ಕಣ್ಣು ಎಂಥಾದ್ದಂತ ಅಕಿಗೂ ಗೊತ್ತು, ನನಗೂ.

ರವಿವಾರ ನಸುಕಿನ್ಯಾಗ ತುರಿಮಣಿ ಮುಂದ ಕುಂತಿವಿ.
ತುರಿದದ್ದನ್ನ ಪಂಜೇದಾಗ ಕಟ್ಟಿ ಹಿಂಡಿದಳು,
"ನೀರು ಉಳದ್ರ ಟಿಕ್ಕಿ ಕೂಡಂಗಿಲ್ಲ."
ಬಟ್ಟಲದೊಳಗ ಕೆಂಪು ಇಳೀತು.
ಬಚ್ಚಲಿಗೆ ಚೆಲ್ಲಾಕ ಎದ್ದಾಕಿ ಕೈ ಹಿಡದೆ.
ಸಣ್ಣ ಉರಿ ಮ್ಯಾಲೆ ಅದನ್ನ ಬತ್ತಿಸಿ
ತುಪ್ಪ, ಚೂರು ಜೇನುಮೇಣ ಕೂಡಿಸಿ
ಖಾಲಿ ಅಮೃತಾಂಜನ ಡಬ್ಬಿಗೆ ತುಂಬಿದೆ.
ಎಷ್ಟು ತೊಳದ್ರೂ ಅದರ ವಾಸನಿ ಹೋಗಿರಲಿಲ್ಲ.

ಹಿಂಡಿ ಉಳದದ್ದಕ್ಕ
ಕುದಿಸಿದ ಮಡಿಕಿಕಾಳು, ಬಟಾಟಿ, ಬಳ್ಳೊಳ್ಳಿ, ಹಸೀಮೆಣಸಿನಕಾಯಿ.
ಅಂಚು ಬಿರಿಯಾಕ ಹತ್ತಿದ್ರ
ಅಂಗೈ ತೋಯಿಸಿಕೊಂಡು ಸವರತಿದ್ದಳು,
ಅಳೋ ಕೂಸಿನ ನೆತ್ತಿ ಸವರಿದಂಗ.
ಆಮ್ಯಾಲೆ ಖಡಕ್ ರೊಟ್ಟಿ ಎರಡು ಕುಟ್ಟಿ ಪುಡಿ ಮಾಡಿ
ಅದರಾಗ ಟಿಕ್ಕಿ ಹೊಳ್ಳಾಡಿಸಿದಳು.
ರೊಟ್ಟಿ ಬ್ಯಾಡ ಅಂದಿದ್ದೆಲ್ಲ ಚಿಗವ್ವಾ?
"ಇದು ಕಾಣಂಗಿಲ್ಲಲ್ಲ," ಅಂದು ನಕ್ಕಳು.

ಹತ್ತು ಗಂಟೇಕ ಕುರ್ಚಿ ಮ್ಯಾಲೆ ಕುಂದರಿಸಿದೆ.
ಬಿಸಿನೀರಿನ ವಸ್ತ್ರ, ಲೋಳಸರದ ತಿಳಿ,
ಹಸೀ ಇದ್ದಾಗನ ಎರಡು ಹನಿ ಗ್ಲಿಸರಿನ್.
ತಡಿ, ಚರ್ಮ ಕುಡೀಲಿ.
ಪೌಡರ್ ಮುಟ್ಟಲಿಲ್ಲ. ಬಿರಿದ ಎರಿಹೊಲಕ್ಕ
ಮತ್ತ ಧೂಳ ಹಾರಿಸೋದು ಯಾಕ?
ಕಡ್ಲಿಕಾಳಿನಷ್ಟು ಫೌಂಡೇಶನ್ ಕೆನಿಯೊಳಗ ಕಲಿಸಿ
ಉಂಗುರಬೆರಳಿಲೆ ತಟ್ಟಿದೆ.
ಮುಚ್ಚಿದ ರೆಪ್ಪಿ ಅದರಾಕ ಹತ್ತಿದ್ದವು.
ನಾ ನೋಡದವರಂಗ ಮಾಡಿದೆ.
ಗಲ್ಲಕ್ಕೊಂದು ಹನಿ ಕೆಂಪು, ತುಟಿಗೆ ಅರ್ಧ.
ಕನ್ನಡ್ಯಾಗ ಭಾಳೊತ್ತು ಹುಡುಕಿದಳು.
"ಎಲ್ಲಿ ಹಚ್ಚಿ?"
ಅಷ್ಟು ದೊಡ್ಡ ಬಿದಾಗಿ
ಯಾವ ಮದುಮಗಳ ಮನಿಯವರೂ ನನಗ ಕೊಟ್ಟಿಲ್ಲ.

ಬಂದರು. ಶೈಲಾ ಜಾಧವ, ಮೆಹರುನ್ನಿಸಾ, ಗೌರವ್ವ ಬಿರಾದಾರ,
ನೆಲದೊಳಗಿನದು ಉಣ್ಣದ ಪದ್ಮಾ ಉಪಾಧ್ಯೆ.
ಅಕಿಗಂತ ಬ್ಯಾರೆ ಬಾಳೀಕಾಯಿ ಟಿಕ್ಕಿ.
ಪಾವಿನ ಒಳಗ ಬೆಣ್ಣಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಸೌತಿಕಾಯಿ.
ಬಾಯಿ ಎಷ್ಟು ತೆರೀಬೇಕಂತ ತಿಳೀಲಾರದ
ಐದೂ ಮಂದಿ ಒಬ್ಬರ ಮಾರಿ ಒಬ್ಬರು ನೋಡಿದರು.
ಗೌರವ್ವ ಮೂಗು ಏರಿಸಿದಳು:
"ಯಾರಿಗರ ತಲಿ ನೋಯಾಕ ಹತ್ತೇದೇನ?
ಅಮೃತಾಂಜನ ನಾರತದ."
"ನನಗ," ಅಂದಳು ಚಿಗವ್ವ, "ಸ್ವಲ್ಪ."

ಕಚ್ಚಿ ಇಟ್ಟ ಚಿಗವ್ವನ ಪಾವಿನ ಅಂಚಿಗೆ
ತುಟಿಯ ಕೆಂಪು ಮೂಡಿತ್ತು, ಅರ್ಧಚಂದ್ರ.
ಮೆಹರುನ್ನಿಸಾ ಅದನ್ನ ನೋಡಿದಳು,
ತುಟಿ ನೋಡಿದಳು,
ತಾಟು ಮೆಲ್ಲಕ ಆ ಕಡೆ ಹೊಳ್ಳಿಸಿ
ಯಾರೂ ಕೇಳದನ ಹೇಳಿದಳು:
"ಬೀಟ್ರೂಟು ಭಾಳ ಬಣ್ಣ ಬಿಡತದವಾ."

ಡಬ್ಬಿ ನನ್ನ ಫ್ರಿಜ್ಜಿನ್ಯಾಗ ಹಾಲಿನ ಬಾಜೂಕ ಇಟ್ಟಿದ್ದೆ.
ಚಿಗವ್ವ ದಿನಾ ಹೆಪ್ಪು ಒಯ್ಯಾಕ ಬರತಾಳ.
ಗುರುವಾರ ತೆಗದು ನೋಡಿದೆ.
ಕಿರುಬೆರಳು ಓಡಾಡಿದ ಸಣ್ಣ ದಾರಿ ಒಂದು,
ಆ ದಂಡಿಯಿಂದ ಈ ದಂಡಿಗೆ.