ಹತ್ತು ದಾಟದ ಲೆಕ್ಕ

ಶಿಡ್ಲಘಟ್ಟದಲ್ಲಿ ನನ್ನದು ವಾಚ್ ರಿಪೇರಿ,
ಗೂಡಿನ ಮಾರ್ಕೆಟ್ಟಿನ ಹಿಂಬದಿ ಗೇಟಿಗೆ ಎದುರು.
ಬೆಂದ ಹುಳದ ವಾಸನೆ ಗಡಿಯಾರದೊಳಕ್ಕೂ ಹೋಗುತ್ತದೆ;
ಮುಚ್ಚಳ ಬಿಚ್ಚಿದರೆ ಹೇಳಬಲ್ಲೆ
ಇದು ರೀಲರ್ ಕೈಯದು, ಇದು ಮೇಷ್ಟರದು.

ಆವತ್ತು ಹುಡುಗನೊಬ್ಬ ತಂದಿಟ್ಟದ್ದು ಗಡಿಯಾರವಲ್ಲ.
ಅಂಗೈಯಗಲದ ಎಲೆಕ್ಟ್ರಾನಿಕ್ ಡೈರಿ,
ಮಡಚಿದರೆ ಕನ್ನಡಕದ ಡಬ್ಬಿ,
ತೆರೆದರೆ ಹುರುಳಿಕಾಳಿನಷ್ಟಷ್ಟೇ ಗುಂಡಿಗಳು.
"ಅಮ್ಮಿ ಹೇಳವ್ಳೆ, ಒಳಗಿರೋದು ಒಂದಕ್ಷರ ಹೋಗಬಾರ್ದಂತೆ."

ಬಿಲ್ಲೆಗಳು ಎರಡು. ಒಂದನ್ನು ಕಿತ್ತಾಗ
ಇನ್ನೊಂದು ಉಸಿರು ಕಟ್ಟಿ ಎಲ್ಲವನ್ನೂ ಹಿಡಿದಿರಬೇಕು.
ಚಿಮುಟ ಹಿಡಿದ ಕೈ ನಡುಗಿತು, ಸುಳ್ಳೇಕೆ,
ಮೂವತ್ತು ವರ್ಷ ಪಳಗಿದ ಕೈ.

ಪರದೆ ಬೂದು ಹಸಿರಾಗಿ ಎದ್ದಿತು.
ಉಳಿದಿದೆಯೋ ಇಲ್ಲವೋ ನೋಡಬೇಕಲ್ಲ, ನೋಡಿದೆ.
ಅಷ್ಟು ಸಾಕಿತ್ತು. ಇನ್ನೂ ನೋಡಿದೆ.

ಮೆಮೊ ಅನ್ನುವಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ನಮ್ಮೂರ ಮಾತು:
ಜಂಗಮಕೋಟೆಯವರ ಬಾಕಿ ಮೊದಲು ಕೊಡು.
ಸೌದೆ ಹಸಿ, ಗಾಡಿಯವನಿಗೆ ಬಯ್ಯಬೇಕು.
ಬಯ್ದೆ.
ಗೂಡು ಅಲ್ಲಾಡಿಸಿ ಕೇಳು, ಕಣ್ಣು ನಂಬಬೇಡ.
ಸಾದಿಖ್‌ಗೆ ಶೂ, ಎಡಗಾಲು ಒಂದು ನಂಬರ್ ದೊಡ್ಡದು.

ಆಮೇಲೆ ಆ ಚೌಕುಳಿ ಹಾಳೆ, ಸ್ಪ್ರೆಡ್‌ಶೀಟು.
ಒಂದು ಸಲಕ್ಕೆ ನಾಲ್ಕೇ ಸಾಲು ಕಾಣುವ ಕಿಟಕಿ,
ಬಾಣದ ಗುಂಡಿ ಒತ್ತೊತ್ತಿ ಇಣುಕಬೇಕು.
ಮೊದಲು ತಾರೀಕು. ಪಕ್ಕದಲ್ಲಿ ಗೂಡು ಎಷ್ಟು ಕೆಜಿ.
ರೇಟು. ಇಳಿದ ನೂಲು.
ಐದನೇ ಕಾಲಮ್ಮಿಗೆ ಹೆಸರಿಲ್ಲ.
ಎಂಟು, ಎಂಟು, ಏಳು, ಐದು, ನಾಲ್ಕು, ಮತ್ತೆ ಒಂಬತ್ತು,
ಎಲ್ಲೂ ಹತ್ತು ದಾಟಿಲ್ಲ.

ಟೀ ಇರಬಹುದು ಅಂದುಕೊಂಡೆ. ಬೀಡಿ.
ಕರೆಂಟು ಹೋದ ಗಂಟೆಯೇ? ನಮ್ಮೂರಲ್ಲಿ ಅದು ಹತ್ತು ದಾಟುತ್ತೆ.
ಒಂದು ಮಾತ್ರ ಕಣ್ಣಿಗೆ ಬಿತ್ತು:
ಐದನೆಯದು ತೀರಾ ಇಳಿದ ದಿನ ರೇಟೂ ಇಳಿದಿದೆ,
ಕೆಜಿಗೆ ನಾಲ್ಕು, ಒಮ್ಮೆ ಒಂಬತ್ತು ರೂಪಾಯಿ.
ಅದೇ ಮಾರ್ಕೆಟ್ಟು, ಅದೇ ರೈತರು, ಅದೇ ಕೂಗು. ಯಾಕೆ?

ದೀಪ ಹಚ್ಚುವ ಹೊತ್ತಿಗೆ ಅವಳೇ ಬಂದಳು, ಫರೀದುನ್ನೀಸಾ.
ಕೇಳಬಾರದಿತ್ತು, ಕೇಳಿಬಿಟ್ಟೆ.
ನಗಲಿಲ್ಲ, ಸಿಟ್ಟಾಗಲಿಲ್ಲ,
ಗಾಜಿನ ಮೇಲೆ ಎರಡೂ ಕೈ ಬಿಚ್ಚಿಟ್ಟಳು.
ಬಿಸಿನೀರ ತಟ್ಟೆಯಲ್ಲಿ ಎಳೆ ತಡಕಿ ತಡಕಿ
ತುದಿಗಳು ನೆನೆದ ಅವಲಕ್ಕಿ.
ನಾಲ್ಕಕ್ಕೆ ಬಟ್ಟೆ ಸುತ್ತಿತ್ತು, ಬಟ್ಟೆಗೆ ಅರಿಶಿನ ಹತ್ತಿತ್ತು.
"ಇವತ್ತು ಆರು," ಅಂದಳು. "ಕೆಲಸಕ್ಕೆ ಬರೋವು."

ಆರಕ್ಕಿಂತ ಕಮ್ಮಿಯಾದರೆ ಗಂಡ ತಟ್ಟೆ ಮುಂದೆ,
ಅವಳು ಮಾರ್ಕೆಟ್ಟಿಗೆ. ಹಂಗಂತ ಇಬ್ಬರಿಗೂ ಮಾತಾಗಿದೆ.
"ಅವತ್ತೆಲ್ಲ ರೇಟು..." ಅಂತ ನಾನು ಶುರುಮಾಡುವಷ್ಟರಲ್ಲಿ,
"ನಾನು ಗೂಡು ಕಿವೀಲಿ ಕೊಳ್ತೀನಿ ಭಾಯ್,
ಅವರು ಬಾಯಲ್ಲಿ."

ತಿಂಗಳ ಕೊನೆಯ ಸಾಲಿನಲ್ಲಿ ಯಂತ್ರ ಕೂಡಿಹಾಕಿತ್ತು
ಗೂಡನ್ನು, ನೂಲನ್ನು, ಬೆರಳನ್ನೂ:
ನೂರ ಎಂಬತ್ತಮೂರು.
ಅದಕ್ಕೇನು ಗೊತ್ತು, ಕೂಡು ಅಂದರೆ ಕೂಡುತ್ತೆ.
ಅಷ್ಟು ಬೆರಳಿದ್ದಿದ್ದರೆ, ಅಂತ ನಾನು ಸುಮ್ಮನೆ
ಒಂದು ಗಳಿಗೆ ಆ ಅಂಕಿಯನ್ನೇ ನೋಡಿದೆ.

ಊದಿದ ತುದಿಗೆ ಒಂದು ಗುಂಡಿ ಒತ್ತಿದರೆ ಮೂರು ಕೂರುತ್ತವೆ.
ಸೆರಗಿನ ಪಿನ್ನು ತೆಗೆದಳು, ಅದರ ಗುಂಡುತಲೆಯಿಂದ
ಇವತ್ತಿನ ತಾರೀಕು ಹುಡುಕಿ, ಐದನೆಯದರಲ್ಲಿ
ಆರು ಕುಟ್ಟಿದಳು.
ಟಕ್ ಅಂತ ಮಡಚಿದಳು.

ಬಿಲ್ಲೆ ಸೇರಿ ಅರವತ್ತು ರೂಪಾಯಿ ಅಂದೆ.
ಡೈರಿಯನ್ನು ಕಿವಿಗೆ ಹಿಡಿದು ಒಮ್ಮೆ ಅಲ್ಲಾಡಿಸಿ
ನಲವತ್ತು ಇಟ್ಟು ಹೊರಟಳು.

ಆರು ಇರುವಾಗಲೇ ಹೀಗೆ.