ಚಿಂತಗಿಂಜ

ತರಬೇತಿಯಲ್ಲಿ ಕೊಟ್ಟ ಕೈಪಿಡಿಯ ಹದಿನಾರನೇ ಪುಟ:
'ಚಿಂತನಾ ಸಾಧನಗಳು'.
ಚಿಕ್ಕಬಳ್ಳಾಪುರದಿಂದ ಚೇಳೂರಿನವರೆಗೆ
ಬಸ್ಸಿನ ಕಿಟಕಿಗೆ ತಲೆ ಕುಟ್ಟಿಸಿಕೊಳ್ಳುತ್ತ ಅದನ್ನೇ ಓದಿದೆ.
ಚಿಂತಾಮಣಿಯಲ್ಲಿ ಟೀ ಕುಡಿದು ಮತ್ತೆ ಓದಿದೆ.
ಜೋಡಿ, ಗುಂಪು, ಸರದಿ, ಮಾತಿನ ಬಿಲ್ಲೆ.
ಇಪ್ಪತ್ತೆರಡು ವರ್ಷ ಒಬ್ಬನೇ ಮಾತಾಡಿದ ಗಂಟಲಿಗೆ
ಅಷ್ಟೇನೂ ರುಚಿಸಲಿಲ್ಲ.

ಬೆಳಿಗ್ಗೆ ಬೋರ್ಡಿನ ಮೇಲೆ ಆ ಎರಡು ಪದ ಬರೆದೆ.
ಐದನೇ ತರಗತಿ ಜೋರಾಗಿ ಓದಿ ನಕ್ಕಿತು.
ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಊರು;
ಚಿಂತ ಅಂದರೆ ಇಲ್ಲಿ ಹುಣಸೆ.
"ಹುಣಸೇಕಾಯಿ ಉದುರಿಸೋ ದೋಟೀನಾ ಸಾರ್?" ಎಂದ ಚಲಪತಿ.
ನನಗೂ ನಗು ಬಂತು. ಬಿಲ್ಲೆ ಎಲ್ಲಿಂದ ತರಲಿ
ಎಂಬ ಚಿಂತೆಯೂ ಅದರ ಜೊತೆಗೇ ಹೋಯಿತು.

ಅಡುಗೆಯ ಮುನಿಯಮ್ಮ ಹುಣಸೆ ಕುಟ್ಟಿ ತೆಗೆದ ಬೀಜ
ಹಾರ್ಲಿಕ್ಸ್ ಡಬ್ಬಿಯಲ್ಲಿ ತಂದುಕೊಟ್ಟಳು.
ಹನ್ನೊಂದು ಮಕ್ಕಳು, ತಲೆಗೆ ಮೂರು.
ಒಂದು ಬೀಜ ನಡುವೆ ಇಟ್ಟು ಒಂದು ಮಾತು;
ಮುಗಿದವರು ಕೇಳಬೇಕು. ಅಷ್ಟೇ ಕಟ್ಟಳೆ.
"ನಿಮಗೆ ಸಾರ್?" ಎಂದಳು ಶಬ್ರೀನ್.
ನಾನೂ ಮೂರು ಎಣಿಸಿ ಜೇಬಿಗೆ ಹಾಕಿಕೊಂಡೆ.

ಅವತ್ತಿನ ಪಾಠ: ಜೀವಿಗಳು, ನಿರ್ಜೀವಿಗಳು.
ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ವೃತ್ತ,
ಒಂದರ ಅಂಚು ಇನ್ನೊಂದರೊಳಗೆ ನುಗ್ಗಿದ ಹಾಗೆ.
"ಸದ್ದು!" ಎಂದೆ. ಒಂದು ಹೋಯಿತು.
"ಚಲಪತಿ, ಕೂತ್ಕೊ" ಎಂದೆ. ಎರಡು.
ಮೂರನೆಯದು, ಉತ್ತರ ನಾನೇ ಹೇಳಿಬಿಟ್ಟದ್ದಕ್ಕೆ;
ಶಬ್ರೀನ್ ಕೈಚಾಚಿ ವಸೂಲಿ ಮಾಡಿದಳು.
ಗಂಟೆ ಇನ್ನೂ ಹತ್ತೂ ಇಪ್ಪತ್ತು.
ಬಾಯಿ ಮುಚ್ಚಿಕೊಂಡು ತರಗತಿಯಲ್ಲಿ ನಿಲ್ಲುವುದು ಹೇಗೆಂದು
ಯಾವ ತರಬೇತಿಯೂ ಕಲಿಸಿರಲಿಲ್ಲ.
ಕೈ ಎಲ್ಲಿಡಬೇಕೆಂದು ತಿಳಿಯದೆ ಡಸ್ಟರ್ ಹಿಡಿದುಕೊಂಡೆ.

ಕಲ್ಲು ಆ ಕಡೆಗೆ ಬಿತ್ತು, ಹಲ್ಲಿ ಈ ಕಡೆಗೆ.
ರೇಷ್ಮೆಗೂಡಿಗೆ ಜಗಳ ಹತ್ತಿತು:
ಒಳಗಿನ ಹುಳ ಇಲ್ಲಿ, ನೂಲು ಅಲ್ಲಿ,
ಹಾಗಾದರೆ ಗೂಡನ್ನೇ ಕತ್ತರಿಸಬೇಕಾ?
ಬೆಂಕಿಯೂ ಉಸಿರಾಡುತ್ತದೆ ಎಂದಳು ಲಿಖಿತ.
ಸೌದೆ ತಿಂದು ಬೂದಿ ಹೇಲ್ತದೆ ಎಂದ ಚಲಪತಿ,
ಅಲ್ಲಿಗೆ ಅವನ ಮೂರೂ ಖಾಲಿ.
ಕೆನ್ನೆ ಉಬ್ಬಿಸಿ, ತುಟಿ ಕಚ್ಚಿ,
ಪಕ್ಕದವನಿಂದ ಸಾಲ ಕೇಳಿ ಸನ್ನೆ ಮಾಡಿದ. ಹುಟ್ಟಲಿಲ್ಲ.
ನಾನೂ ಅವನೂ ಕಣ್ಣಲ್ಲೇ ಒಬ್ಬರಿಗೊಬ್ಬರು ಮರುಗಿದೆವು.

ಹಾಗೆ ಮಾತೆಲ್ಲ ಖರ್ಚಾದ ಮೇಲೆ
ಅಲಿವೇಲು.
ಜೂನ್ ತಿಂಗಳಿಂದ 'ಹಾಜರ್ ಸಾರ್' ಬಿಟ್ಟರೆ
ಬೇರೆ ಮಾತು ಅವಳ ಬಾಯಿಂದ ನಾನು ಕೇಳಿಲ್ಲ.
ಹಿಂದಿನ ಮಾಸ್ತರರ ಷರಾ: ಮಂದಗತಿ.
ಬೆವೆತ ಮುಷ್ಟಿ ಬಿಚ್ಚಿ ಒಂದು ಬೀಜ ಇಟ್ಟಳು.
"ಇದು ಯಾವ ಕಡೆ?"

ಯಾರೂ ಮಾತಾಡಲಿಲ್ಲ.
ಮಾತಾಡಲು ಯಾರ ಬಳಿಯೂ ಇರಲಿಲ್ಲ.
ಅವಳೇ ಇನ್ನೊಂದು ಇಟ್ಟಳು:
"ಉಸಿರಾಡಲ್ಲ, ತಿನ್ನಲ್ಲ, ಅಳ್ಳಾಡಲ್ಲ.
ಆದ್ರೆ ನಮ್ಮವ್ವ ಹುರಿದಿದ್ದನ್ನ ನೆಟ್ಟೆ, ಮೊಳೀಲಿಲ್ಲ.
ಹುರಿದಿದ್ದಕ್ಕೆ ಸತ್ತೋಯ್ತು ಅಂದ್ರೆ
ಅದಕ್ಕೆ ಮುಂಚೆ ಬದುಕಿತ್ತು ಅಂತ ಅಲ್ವಾ?"

'ಸುಪ್ತಾವಸ್ಥೆ' ಎಂಬ ದೊಡ್ಡ ಪದ
ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು.
ಜೇಬು ತಡವಿದೆ. ನುಂಗಿಕೊಂಡೆ.
ಚಲಪತಿ ಬಗ್ಗಿ, ಬೆರಳ ತುದಿಯಿಂದ ಬೀಜವನ್ನು
ವೃತ್ತದ ಮೇಲೆ ವೃತ್ತ ಬಿದ್ದ ಜಾಗಕ್ಕೆ ತಳ್ಳಿದ.
ಅವಳು ತಲೆಯಾಡಿಸಿ, ಅದನ್ನೆತ್ತಿ
ಜೀವಿಗಳ ಕಡೆಗೆ ಇನ್ನೊಂದಿಷ್ಟು ಸರಿಸಿದಳು.
ಅವನು ಮತ್ತೆ ತಳ್ಳಿದ. ಬೆಲ್ ಹೊಡೆಯಿತು,
ಯಾರೂ ಏಳಲಿಲ್ಲ; ಸಾಂಬಾರಿನ ವಾಸನೆ ಬಂದ ಮೇಲೆ ಎದ್ದರು.

ಸಂಜೆ ಡಬ್ಬಿಗೆ ತುಂಬುತ್ತ ಎಣಿಸಿದೆ.
ಮೂವತ್ತಾರು ಇರಬೇಕು. ಮೂವತ್ತೈದು.
ಉಳಿದದ್ದು ಯಾರ ಮುಷ್ಟಿಯಲ್ಲಿ ಮನೆಗೆ ಹೋಯಿತೆಂದು ಗೊತ್ತು.
ಗೇಟಿನಾಚೆ ಅವಳ ಎರಡು ಜಡೆ ಇನ್ನೂ ಕಾಣುತ್ತಿತ್ತು.
ಕೂಗಿ ಕೇಳಬಹುದಿತ್ತು.
ನಾಳೆಯವರೆಗೆ ನನ್ನ ಬಳಿ ಒಂದೂ ಇರಲಿಲ್ಲ.