ಮುಳ್ಳು, ಮೂಳೆ

ಕಡಲಲ್ಲಿ ಕಾಡ್ ಮೀನು ಮುಗಿಯಿತೆಂದು ಸರ್ಕಾರ ಸಾರಿದ ಮೇಲೆ
ಕಾರ್ಖಾನೆಗೆ ಬೀಗ ಬಿತ್ತು. ಊರಿಗೆ ಅರ್ಜಿ ನಮೂನೆ ಬಂತು:
ಕೂದಲು ಕತ್ತರಿಸುವುದು, ಲಾರಿ, ಕಂಪ್ಯೂಟರ್, ಎಕ್ಸ್‌ರೇ.
ಡಾರ್ಕಸ್ ಪೆಲ್ಲಿ ಕೊನೆಯದಕ್ಕೆ ಗುರುತು ಹಾಕಿದಳು.
ಯಾಕೆಂದರೆ, "ಬೆಳಕಿನ ಮೇಜಿನ ಕೆಲಸ ತಾನೇ, ಬರುತ್ತೆ" ಅಂದಳು.

ಸುಳ್ಳಲ್ಲ. ಹತ್ತೊಂಬತ್ತು ವರ್ಷ
ಕೆಳಗಿನಿಂದ ದೀಪ ಉರಿಯುವ ಬಿಳಿಗಾಜಿನ ಮೇಲೆ
ಮೀನಿನ ಹೋಳು ಹರವಿ,
ಒಳಗೆ ಸುರುಳಿಸುತ್ತಿ ಮಲಗಿದ ಹುಳ,
ಕತ್ತಿಗೆ ತಪ್ಪಿಸಿಕೊಂಡ ಮುಳ್ಳು,
ಕಂಡದ್ದೇ ತಡ, ಚೂರಿಮೊನೆಯಿಂದ ಎತ್ತಿ ಬಕೆಟ್ಟಿಗೆ.
ನೋಡುವುದು ಬೇರೆ ಕೀಳುವುದು ಬೇರೆ ಅಲ್ಲ ಅಲ್ಲಿ.
ಉಗುರುಸಂದಿಗೆ ಉಪ್ಪು. ಬೆನ್ನ ಹಿಂದೆ ಗಡಿಯಾರ ಹಿಡಿದು
ಮೇಲ್ವಿಚಾರಕ ಎಲಿಯೇಜರ್ ಸ್ಟಕ್‌ಲೆಸ್.

ಈಗ ಸೇಂಟ್ ಜಾನ್ಸಿನ ಆಸ್ಪತ್ರೆಯ ನೆಲಮಾಳಿಗೆ.
ಇಪ್ಪತ್ತರ ಹುಡುಗಿಯರ ನಡುವೆ ನಲವತ್ತರ ಡಾರ್ಕಸ್.
ಕಿಲೋವೋಲ್ಟು, ಮಿಲಿಆಂಪು. ದೂರ ಎರಡರಷ್ಟಾದರೆ
ಕಿರಣ ಕಾಲುಭಾಗ. ಈ ಲೆಕ್ಕ ಮಾತ್ರ ಬೇಗ ಹತ್ತಿತು,
ಅಪ್ಪನ ದೋಣಿಯ ಲಾಂದ್ರ ಸಣ್ಣದಾಗುವುದನ್ನು
ಕಿಟಕಿಯಲ್ಲಿ ನಿಂತು ನೋಡಿ ಬೆಳೆದವಳಿಗೆ.

ಮಣಿಕಟ್ಟಿನ ಎಂಟು ಮೂಳೆಗಳ ಹೆಸರು
ಬಸ್ಸಿನಲ್ಲಿ ಬೆರಳು ಮಡಿಸುತ್ತ ಬಾಯಿಪಾಠ.
ಏಳು ಬರುತ್ತವೆ.
ಮರೆತುಹೋಗುವ ಎಂಟನೆಯದು ದಿನಾ ಬೇರೆ ಬೇರೆ.

ಮೊದಲ ಫಿಲ್ಮು ಪೂರ್ತಿ ಕಪ್ಪು, ಹುಣ್ಣಿಮೆಯಿಲ್ಲದ ಕಡಲು.
ಎರಡನೆಯದರಲ್ಲಿ ಬುರುಡೆ ಅರ್ಧ.
ಮೂರನೆಯದು ಎಷ್ಟು ಚೆಂದ ಬಂದಿತ್ತು! ಆದರೆ
ಎಡಗೈಯ ಪಕ್ಕ ಬಲಗೈಯ ಸೀಸದ ಅಕ್ಷರ.
ಶಿಕ್ಷಕಿ ಮಿಸೆಸ್ ಥಿಸಲ್ ಬೈಯಲಿಲ್ಲ.
ಕೆಟ್ಟ ಫಿಲ್ಮುಗಳ ಡಬ್ಬಿಯ ಮುಚ್ಚಳ ತೆಗೆದು ತೋರಿಸಿ
"ಒಂದೊಂದಕ್ಕೂ ಯಾರದೋ ಮೈ ಮತ್ತೊಮ್ಮೆ ಕಿರಣ ಕುಡಿಯುತ್ತೆ.
ಎಡವೋ ಬಲವೋ ತಪ್ಪಿದರೆ, ಕತ್ತಿ ಬೀಳುವುದೂ ಅಲ್ಲೇ" ಅಂದಳು.
ಇನ್ನೊಂದು ಪಾಠ, ಬೋರ್ಡಿನ ಮೇಲೆ ಬರೆಯದ್ದು:
ಕಂಡರೂ ಹೇಳಬಾರದು. ಹೇಳುವುದು ಡಾಕ್ಟರು.

ಮಾರ್ಚಿ. ಮಂಜುಗಡ್ಡೆ ಬಂದರಿನ ಬಾಯಿ ಮುಚ್ಚಿದ ವಾರ.
ಚೀಟಿಯಲ್ಲಿ ಹೆಸರು ಓದಿ ತಲೆ ಎತ್ತಿದರೆ ಸ್ಟಕ್‌ಲೆಸ್,
ಆಸ್ಪತ್ರೆಯ ನಿಲುವಂಗಿ ಹಿಂದುಮುಂದಾಗಿ ಕಟ್ಟಿಕೊಂಡು.
ಗದ್ದ ಮೇಲೆ. ಭುಜ ಮುಂದೆ. ಉಸಿರು ಒಳಗೆ, ಇನ್ನೂ,
ಹಿಡೀರಿ.
ನಿಮಿಷಕ್ಕೆಷ್ಟು ಹೋಳು ಎಂದು ಅವಳ ಕೈ ಎಣಿಸಿದವನು
ಅವಳ ಮಾತಿಗೆ ಉಸಿರು ಹಿಡಿದು ನಿಂತ.
ಬಿಡಿ.
ಕೆಮ್ಮು ಬಂತು, ಹೋಗಲಿಲ್ಲ.

ಫಿಲ್ಮನ್ನು ದೀಪದ ಗಾಜಿಗೆ ಸಿಕ್ಕಿಸಿದಳು.
ಪಕ್ಕೆಲುಬಿನ ಬಿಳಿ ಏಣಿ; ಬಲಗಡೆ ಮೇಲಿನ ಮೆಟ್ಟಿಲ ಹಿಂದೆ
ಅಂಗಿಗುಂಡಿಯಷ್ಟಗಲ ಯಾವುದೋ, ಅಂಚು ಹರಕು.
ಅವಳ ಕೈ ತಾನಾಗಿ ಸೊಂಟಕ್ಕೆ ಹೋಯಿತು,
ಚೂರಿ ಇರುತ್ತಿದ್ದ ಕಡೆಗೆ.

"ಏನೇ ಪೆಲ್ಲಿ," ಬಾಗಿಲಾಚೆಯಿಂದ ಅವನು,
"ಉಳಿದಿದೆಯಾ ಒಂದಾದರೂ?"
ಅವರ ಮಾತಿನಲ್ಲಿ ಮೀನಿನದೂ ಮನುಷ್ಯನದೂ ಒಂದೇ ಪದ;
ಚುಚ್ಚುವುದು ಮುಳ್ಳು, ಹೊರುವುದು ಮೂಳೆ ಎಂದು
ಎರಡು ಮಾಡಿಕೊಂಡದ್ದು ನನ್ನ ಭಾಷೆ.
ಅವನು ಕೇಳಿದ್ದು ಯಾವುದೆಂದು ಬರೆಯಲಿ?

"ಫೋಟೊ ಚೆನ್ನಾಗಿ ಬಂದಿದೆ" ಅಂದಳು.
"ಡಾಕ್ಟರು ನೋಡಿ ಹೇಳ್ತಾರೆ."
ಎರಡೂ ನಿಜವೇ.
ಅವನಿಗೆ ಬಗ್ಗಲಾಗದೆ ಬೂಟಿನ ದಾರ ಬಿಚ್ಚಿಯೇ ಇತ್ತು.
ಮಂಡಿಯೂರಿ ಕಟ್ಟಿದಳು, ದೋಣಿಗೆ ಹಾಕುವ ಗಂಟು.
ಗಡಿಯಾರವಿಲ್ಲದ ಅವನ ಕೈ ಎಲ್ಲಿಡಬೇಕೆಂದು ತಿಳಿಯದೆ
ಗಾಳಿಯಲ್ಲೇ ಇತ್ತು.

ಅವನು ಹೋದ ಮೇಲೆ ತಿರುಗಿ ಬಂದು
ಫಿಲ್ಮಿನ ಮೂಲೆ ನೋಡಿದಳು: ಸೀಸದ ಅಕ್ಷರ,
ಕೆಳಗೆ ಸಣ್ಣಗೆ ತನ್ನದೇ ಡಿ.ಪಿ.
ತನ್ನ ಬಲಗೈ ಎತ್ತಿ, ಅವನು ನಿಂತಿದ್ದ ಹಾಗೆ ತಿರುಗಿ ನಿಂತು,
ಇನ್ನೊಮ್ಮೆ ನೋಡಿದಳು.
ಬಲವೇ.
ಮತ್ತೂ ಒಮ್ಮೆ.